ಎಲ್ಲಕ್ಕೂ ಹೌದು ಎಂದ ಹುಡುಗ

ಮೊನ್ನೆ ಕಬ್ಬಾಳಿನಿಂದ ರಾಮನಗರಕ್ಕೆ ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಒಬ್ಬ ಅಜ್ಜ ಬಂದು ಕೂತರು. ಹೊರಗೆ ಜೋರು ಮಳೆ. ಅವರ ಹೆಗಲ ಮೇಲಿದ್ದ ಕರೀ ಕಂಬಳಿ ನೆನೆದು ತೊಪ್ಪೆಯಾಗಿತ್ತು. ಕಿಟಕಿಗಳನ್ನೆಲ್ಲ ಮುಚ್ಚಿದ್ದರಿಂದ ಒದ್ದೆ ಉಣ್ಣೆಯ ವಾಸನೆ ಬಸ್ಸಿನ ತುಂಬ ಹರಡಿತು. ಹಿಂದಿನ ಸೀಟಿನ ಹುಡುಗಿ ಮೂಗಿಗೆ ಕರ್ಚೀಫು ಹಿಡಿದಳು. ಬೇರೆಯವರಿಗೆ ಅದು ಕುರಿಯ ವಾಸನೆ ಇರಬಹುದು, ನನಗೆ ಅದು ಕೋರ್ಟಿನ ವಾಸನೆ.

ಕೆಲವು ವರ್ಷಗಳ ಹಿಂದೆ, ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದವರೆಗೆ, ರಾಮನಗರದ ಕೋರ್ಟಿನ ವರಾಂಡದಲ್ಲಿ ಆ ವಾಸನೆಯ ಪಕ್ಕದಲ್ಲೇ ನಿಂತಿದ್ದೇನೆ. ಕಂಬಳಿ ಸಿದ್ದಪ್ಪನವರದು. ವಿರೂಪಾಕ್ಷಿಪುರದ ಕಡೆಯವರು, ಕುರಿ ಸಾಕಿ ಬದುಕುವವರು. ಅವರ ಮಗ ಬೀರೇಶ ನನ್ನ ಕಕ್ಷಿದಾರ. ಅವನ ಮೇಲಿದ್ದದ್ದು ಕೊಲೆ ಕೇಸು.

ಬೀರೇಶ ಆಗ ಡಿಪ್ಲೊಮಾ ಮೊದಲ ವರ್ಷದಲ್ಲಿದ್ದ. ಹದಿನೆಂಟು ತುಂಬಿ ಸ್ವಲ್ಪವೇ ದಿನವಾಗಿತ್ತು, ಹಾಗಾಗಿ ಮಕ್ಕಳಿಗೆಂದು ಇರುವ ಕಾನೂನು ಅವನ ನೆರವಿಗೆ ಬರಲಿಲ್ಲ. ಅವನಿದ್ದ ಖಾಸಗಿ ಹಾಸ್ಟೆಲಿನ ತಾರಸಿಯಿಂದ ಚೇತನ್ ಎಂಬ ಕೊನೇ ವರ್ಷದ ಹುಡುಗ ಬಿದ್ದು ಸತ್ತಿದ್ದ. ತಳ್ಳಿದ್ದು ಬೀರೇಶನೇ ಎಂದು ಅಲ್ಲಿದ್ದ ಇಬ್ಬರು ಸೀನಿಯರ್ ಹುಡುಗರು ಹೇಳಿದ್ದರು. ವಾರ್ಡನ್ ಕೇಳಿದಾಗ ಬೀರೇಶನೂ ಹೌದು ಅಂದಿದ್ದ. ವಕೀಲರನ್ನಿಡುವ ಶಕ್ತಿ ಇಲ್ಲದ ಆರೋಪಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು. ಹಾಗೆ ಕೊಟ್ಟ ವಕೀಲೆ ನಾನು. ಆಗಿನ್ನೂ ಕರೀ ಕೋಟಿನ ಬಣ್ಣ ಮಾಸಿರಲಿಲ್ಲ, ಸಿಟ್ಟು ಮಾತ್ರ ಈಗಿನ ಹಾಗೇ ಮೂಗಿನ ತುದಿಯಲ್ಲಿತ್ತು.

ಜೈಲಿನಲ್ಲಿ ಅವನನ್ನು ಮೊದಲ ಸಲ ನೋಡಿದಾಗ ಕೊಲೆ ಆರೋಪಿ ಎಂದು ಅನ್ನಿಸಲೇ ಇಲ್ಲ. ಸಣಕಲು ಮೈ, ಬಗ್ಗಿಸಿದ ಕತ್ತು. ಕೂತ್ಕೋ ಅಂದರೂ ಕೂರಲಿಲ್ಲ.

“ನೀನು ತಳ್ಳಿದೆಯಾ?” ಎಂದು ಕೇಳಿದೆ.

“ಹೌದು ಮೇಡಂ.”

“ಯಾಕೆ?”

“ತಪ್ಪಾಯ್ತು ಮೇಡಂ.”

“ಅದಲ್ಲಪ್ಪ, ಹೇಗಾಯಿತು ಹೇಳು. ಯಾವ ಕೈಯಲ್ಲಿ ತಳ್ಳಿದೆ?”

ಅವನು ತನ್ನ ಎರಡೂ ಕೈಗಳನ್ನು ನೋಡಿಕೊಂಡ. ಆಮೇಲೆ ಬಹಳ ವಿನಯದಿಂದ, “ಯಾವ ಕೈ ಅಂತ ಯೋಳ್ಬೇಕು ಮೇಡಂ?” ಎಂದು ನನ್ನನ್ನೇ ಕೇಳಿದ.

ನನಗೆ ಏನೋ ಅನುಮಾನ ಬಂದು ಪೆನ್ನನ್ನು ಮೇಲೆತ್ತಿ ತೋರಿಸಿದೆ. “ಇದರ ಕ್ಯಾಪು ಕಾಣ್ತಿಲ್ಲ. ನೀನು ತಗೊಂಡೆಯಾ?”

“ಹೌದು ಮೇಡಂ. ತಪ್ಪಾಯ್ತು,” ಎಂದು ಎರಡೂ ಕಿವಿ ಹಿಡಿದುಕೊಂಡ.

ಕ್ಯಾಪು ನನ್ನ ಬ್ಯಾಗಿನಲ್ಲೇ ಇತ್ತು. ಅದನ್ನು ತೆಗೆದು ತೋರಿಸಿದರೆ ಅವನ ಮುಖದಲ್ಲಿ ಆಶ್ಚರ್ಯವೂ ಇಲ್ಲ, ಸಮಾಧಾನವೂ ಇಲ್ಲ. ಕಿವಿಯಿಂದ ಕೈ ತೆಗೆಯಲು ನಾನು ಹೇಳಬೇಕೆಂದು ಕಾಯುತ್ತಿದ್ದ. ಆ ದಿನ ಜೈಲಿನಿಂದ ಹೊರಬಂದವಳೇ ಕೇಸಿನ ಫೈಲು ಬಿಚ್ಚಿ, ಅವನ ಜೊತೆ ಹಾಸ್ಟೆಲಿನಲ್ಲಿದ್ದವರ ಹೆಸರು ಹುಡುಕಿದೆ.

ಅವನು ಕಿವಿ ಹಿಡಿದದ್ದಕ್ಕೆ ಅರ್ಥ ಸಿಕ್ಕಿದ್ದು ಚನ್ನಪಟ್ಟಣದಲ್ಲಿ. ಬೀರೇಶನ ರೂಮಿನಲ್ಲೇ ಇದ್ದ ಇಮ್ರಾನ್ ಹಾಸ್ಟೆಲ್ ಬಿಟ್ಟು ಊರಿಗೆ ಬಂದು, ಅಪ್ಪನ ಜೊತೆ ಮರದ ಗೊಂಬೆಗೆ ಅರಗಿನ ಬಣ್ಣ ಹಾಕುತ್ತಿದ್ದ. ಮೊದಲು ಬಾಯಿಯೇ ಬಿಡಲಿಲ್ಲ. ಅವನ ಅಪ್ಪ ಯಂತ್ರ ನಿಲ್ಲಿಸಿ, “ಯೋಳೋ, ಒಬ್ಬನ ಜೀವನದ ಪ್ರಶ್ನೆ,” ಎಂದು ಗದರಿದ ಮೇಲೆ ಶುರುಮಾಡಿದ.

“ದಿನಾ ಸಂಜೆ ಕಾಲೇಜಿಂದ ಬಂದ್ಮೇಲೆ ಪಂಚಾಯ್ತಿ ಸೇರ್ಸೋರು ಮೇಡಂ. ಚೇತನಣ್ಣ ತಲೆಗೆ ಟವೆಲ್ ಸುತ್ಕೊಂಡು ಯಜಮಾನ ಆಯ್ತಿದ್ರು. ನಲ್ಲಿ ಯಾರ್ ಮುರುದ್ರು? ಬೀರ. ಟ್ಯೂಬ್‌ಲೈಟ್ ಯಾರ್ ಒಡುದ್ರು? ಬೀರ. ಅವ್ನು ಒಡ್ದೇ ಇರ್ತಿರ್ಲಿಲ್ಲ.”

“ಇಲ್ಲ ಅನ್ನೋಕೆ ಏನಾಗಿತ್ತು ಅವನಿಗೆ?”

“ಇಲ್ಲ ಅಂದ್ರೆ ನೀರು ತುಂಬಿದ ಬಕೆಟ್ ಇಡ್ಕೊಂಡು ನಿಂತ್ಕೋಬೇಕು. ಹೌದು ಅನ್ನೋಗಂಟ. ಹೌದಣ್ಣ ತಪ್ಪಾಯ್ತು ಅಂತ ಕಿವಿ ಇಡ್ಕೊಂಡು, ಕುರಿ ತರ ಮ್ಯಾ ಅಂದ್ರೆ ಬುಡೋರು. ಮೊದ್ಮೊದ್ಲು ಇಲ್ಲ ಅಂತಿದ್ದ ಮೇಡಂ. ಆಮೇಲಾಮೇಲೆ ಕೇಳೋಕ್ ಮುಂಚೇನೇ ಹೌದು ಅಂತಿದ್ದ. ಎಲ್ರೂ ಬಿದ್ದುಬಿದ್ದು ನಗೋರು.”

“ನೀನು?”

ಇಮ್ರಾನ್ ಕೈಯಲ್ಲಿದ್ದ ಹಳದಿ ಬುಗುರಿಯನ್ನೇ ತಿರುಗಿಸುತ್ತ, “ನಾನೂ ನಕ್ಕಿದ್ದೀನಿ ಮೇಡಂ. ನಗ್ದಿದ್ರೆ ನಾಳೆ ನನ್ ಪಂಚಾಯ್ತಿ,” ಎಂದ.

ಕಾನೂನು ಓದುವಾಗ ಆರೋಪಿಯ ಹಕ್ಕುಗಳನ್ನು ಉರುಹೊಡೆದಿದ್ದೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡಬಾರದು, ಅಪರಾಧ ಸಾಬೀತಾಗುವವರೆಗೆ ನಿರಪರಾಧಿ, ಸುಮ್ಮನಿರುವುದೂ ಹಕ್ಕು. ಪರೀಕ್ಷೆಯಲ್ಲಿ ಒಳ್ಳೆಯ ಅಂಕವೂ ಬಂದಿತ್ತು. ನಮ್ಮ ಕೋರ್ಟಿನಿಂದ ಕೂಗಳತೆಯ ದೂರದಲ್ಲಿ, ಓದುವ ಹುಡುಗರೇ ಇನ್ನೊಂದು ಕೋರ್ಟು ನಡೆಸುತ್ತಿದ್ದರು. ಅಲ್ಲಿ ಹೌದು ಅಂದವನಿಗೆ ಮಾತ್ರ ಬಿಡುಗಡೆ. ಬೀರೇಶ ಪಾಠ ಕಲಿತಿದ್ದು ಆ ಕೋರ್ಟಿನಲ್ಲಿ. ಅದನ್ನು ಮರೆಸುವುದು ಹೇಗೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಜಾಮೀನು ಸಿಗುವಷ್ಟರಲ್ಲಿ ಮಳೆಗಾಲ ಮುಗಿದು ಚಳಿ ಶುರುವಾಗಿತ್ತು. ದೋಷಾರೋಪಣೆ ಓದಿ ಹೇಳುವ ದಿನ ಬೀರೇಶ ಇಸ್ತ್ರಿ ಮಾಡಿದ ಬಿಳೀ ಶರ್ಟು ಹಾಕಿಕೊಂಡು ಬಂದಿದ್ದ. ಕೋರ್ಟ್ ಹಾಲಿನ ಕೊನೇ ಬೆಂಚಿನಲ್ಲಿ ಚೇತನನ ತಾಯಿ ರತ್ನಮ್ಮ ಕೂತಿದ್ದರು. ಮಾಗಡಿ ಕಡೆಯವರು. ಇದ್ದೊಬ್ಬ ಮಗ ಅವನು. ಪ್ರತಿ ತಾರೀಖಿಗೂ ಬಸ್ಸು ಹತ್ತಿ ಬರುತ್ತಿದ್ದರು, ಯಾರೊಂದಿಗೂ ಮಾತಿಲ್ಲ, ಕಣ್ಣು ಮಾತ್ರ ಬೀರೇಶನ ಬೆನ್ನ ಮೇಲೆ. ಕಟಕಟೆಯತ್ತ ಹೋಗುವಾಗ ಅವನಿಗೆ ಕಿವಿಯಲ್ಲಿ ಹೇಳಿದೆ: “ಈ ಆರೋಪ ಒಪ್ತೀಯಾ ಅಂತ ಕೇಳ್ತಾರೆ. ಒಪ್ಪದೇ ಇರೋದು ನಿನ್ನ ಹಕ್ಕು. ಭಯ ಬೇಡ.”

“ಹೌದು ಮೇಡಂ,” ಎಂದ.

ನ್ಯಾಯಾಧೀಶರು ಆರೋಪವನ್ನು ಕನ್ನಡದಲ್ಲೇ ನಿಧಾನವಾಗಿ ವಿವರಿಸಿದರು. “ಒಪ್ಪುತ್ತೀಯೇನಪ್ಪ?” ಎಂದು ಕೇಳಿದರು.

“ಹೌದು ಸ್ವಾಮಿ. ತಪ್ಪಾಯ್ತು,” ಎಂದು ಬೀರೇಶ ಕಿವಿ ಹಿಡಿದುಕೊಂಡ.

ಸರ್ಕಾರಿ ವಕೀಲರೂ ಬೆಚ್ಚಿ ತಲೆ ಎತ್ತಿದರು. ಹಿಂದಿನ ಬೆಂಚಿನಿಂದ ರತ್ನಮ್ಮ “ಅಯ್ಯೋ” ಎಂದದ್ದು ಕೇಳಿಸಿತು. ನಾನು ಎದ್ದು, ಈ ಹುಡುಗ ಏನು ಕೇಳಿದರೂ ಹೌದು ಅನ್ನುತ್ತಾನೆ, ಇವನ ಒಪ್ಪಿಗೆಯನ್ನು ಒಪ್ಪಿಗೆ ಎಂದು ತೆಗೆದುಕೊಳ್ಳಬಾರದು ಎಂದು ಏನೇನೋ ತೊದಲಿದೆ. ನ್ಯಾಯಾಧೀಶರು ಮಿತಭಾಷಿ. ಕಿವಿ ಹಿಡಿದು ನಿಂತಿದ್ದ ಅವನನ್ನು ಬಹಳ ಹೊತ್ತು ನೋಡಿದರು. “ಕೈ ಇಳಿಸಪ್ಪ,” ಎಂದರು. ಆಮೇಲೆ, “ಇಷ್ಟು ದೊಡ್ಡ ಆರೋಪಕ್ಕೆ ಒಂದು ಮಾತಿನ ಒಪ್ಪಿಗೆ ಸಾಲದು. ವಿಚಾರಣೆ ನಡೀಲಿ,” ಎಂದು ಬರೆಸಿದರು.

ವಿಚಾರಣೆಯಲ್ಲಿ ನನಗೆ ಕಾದಿದ್ದ ಮುಂದಿನ ಏಟು ಕಬ್ಬಾಳಮ್ಮನ ಗುಡಿಯಿಂದ ಬಂತು. ಚೇತನ್ ಸತ್ತ ಮಾರನೇ ದಿನ ಸಿದ್ದಪ್ಪ ಮಗನನ್ನು ಹಾಸ್ಟೆಲಿನಿಂದ ಕರೆದುಕೊಂಡು ನೇರ ಕಬ್ಬಾಳಿಗೆ ಹೋಗಿ, ಅವನ ಕೈಯಿಂದಲೇ ಅಮ್ಮನ ಮುಂದೆ ತಪ್ಪುಕಾಣಿಕೆ ಇಡಿಸಿದ್ದರು. ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ದುಡ್ಡಿನ ಗಂಟು. ಪೊಲೀಸರು ಅವನನ್ನು ಹಿಡಿದದ್ದು ಅಲ್ಲಿಂದ ಊರಿಗೆ ಮರಳಿದ ಮೇಲೆ. ಗುಡಿಯಲ್ಲಿ ಅದನ್ನು ನೋಡಿದ್ದ ಅವರದೇ ಊರಿನವನೊಬ್ಬ ಸಾಕ್ಷಿ ಹೇಳಿದ: “ತಪ್ಪು ಮಾಡಿದ್ಕೇ ಅಲ್ವಾ ಸ್ವಾಮಿ ತಪ್ಪುಕಾಣಿಕೆ ಇಡೋದು? ದೇವಿ ಮುಂದೆ ಒಪ್ಕಂಡವ್ನೆ.”

ವರಾಂಡಕ್ಕೆ ಬಂದವಳೇ ಸಿದ್ದಪ್ಪನವರ ಮೇಲೆ ಹರಿಹಾಯ್ದೆ. “ಯಾಕ್ರೀ ಇಡಿಸಿದ್ರಿ? ಮಗನ ಕುತ್ತಿಗೆಗೆ ನೀವೇ ಹಗ್ಗ ಕೊಟ್ರಲ್ಲ!”

ಅವರು ಕಂಬಳಿಯನ್ನು ಎಳೆದುಕೊಂಡು ಗೋಡೆಗೆ ಒರಗಿದರು. “ಕುರಿಗೆ ಕಾಯ್ಲೆ ಬಂದ್ರೂ ಇಡ್ತೀವಿ ಕಣವ್ವ. ಮಳೆ ಓದ್ರೂ ಇಡ್ತೀವಿ. ಯಾರ್ ತಪ್ಪು ಅಂತ ಅಮ್ಮ ಯಾವತ್ತೂ ಕೇಳಿಲ್ಲ. ಬೆಳ್ದ್ ನಿಂತ ಮೊಗ ಒಂದು ಓಗ್ಬುಡ್ತು. ಯಾರದಾರ ಆಗ್ಲಿ, ತಪ್ಪು ತಪ್ಪೇ ಅಲ್ವಾ? ಎಲ್ಲಾರ್ ಪರ್ವಾಗಿ ಇಡ್ಸ್ದೆ.”

ನನ್ನ ಸಿಟ್ಟು ಇಳಿದುಹೋಯಿತು. ನಮ್ಮ ಅಮ್ಮನೂ ಹಾಗೇ, ನನಗೆ ಜ್ವರ ಬಂದರೆ ಮೊದಲು ದೇವರ ಮುಂದೆ ತಪ್ಪಾಯ್ತು ಎಂದು ಗಲ್ಲ ಬಡಿದುಕೊಂಡು ಆಮೇಲೆ ಡಾಕ್ಟರ ಬಳಿ ಕರೆದೊಯ್ಯುವವಳು. ಈ ಸೀಮೆಯಲ್ಲಿ ಯಾರ ಮನೆಯಲ್ಲಿ ಹಾಗಿಲ್ಲ? ಆದರೆ ಸಾಕ್ಷಿ ಹೇಳಿಕೆಯ ಟೈಪಾದ ಹಾಳೆಯಲ್ಲಿ ಅದು ಥೇಟ್ ತಪ್ಪೊಪ್ಪಿಗೆಯ ಹಾಗೇ ಕಾಣುತ್ತಿತ್ತು.

ಆ ಇಬ್ಬರು ಸೀನಿಯರುಗಳು ಪಾಟೀ ಸವಾಲಿನಲ್ಲಿ ತಡವರಿಸಿದರು. ಒಬ್ಬ ಎದೆಗೆ ಕೈಯಿಟ್ಟು ತಳ್ಳಿದ ಅಂದ, ಇನ್ನೊಬ್ಬ ಹಿಂದಿನಿಂದ ಬಂದು ತಳ್ಳಿದ ಅಂದ. ಪಂಚಾಯ್ತಿಯ ವಿಷಯ ಕೇಳಿದಾಗ ಇಬ್ಬರೂ ಅಳತೊಡಗಿದರು. ಬಕೆಟ್ಟು, ಮ್ಯಾ, ಎಲ್ಲ ಹೊರಬಂತು. ಆದರೆ ತಳ್ಳಿದ್ದು ಮಾತ್ರ ಅವನೇ ಎಂದು ಹಟ ಹಿಡಿದರು. ನನ್ನನ್ನು ಬೆಚ್ಚಿಬೀಳಿಸಿದ್ದು ಅವರಲ್ಲ, ವಾರ್ಡನ್. ಮರ್ಯಾದಸ್ಥ ಮನುಷ್ಯ, ಹಣೆಯಲ್ಲಿ ವಿಭೂತಿ.

“ಬೀರೇಶ ಇದಕ್ಕೂ ಮುಂಚೆ ನಿಮ್ಮ ಮುಂದೆ ಬೇರೆ ತಪ್ಪು ಒಪ್ಪಿಕೊಂಡಿದ್ದನೇ?” ಎಂದು ಕೇಳಿದೆ.

“ಹೌದು. ನಲ್ಲಿ ಮುರಿದಿದ್ದು, ತಟ್ಟೆ ಕಾಣೆಯಾಗಿದ್ದು, ಎಲ್ಲ.”

“ಅವನು ಒಪ್ಪಿಕೊಳ್ಳದ ತಪ್ಪು ಯಾವುದಾದರೂ ಇತ್ತೇ?”

ವಾರ್ಡನ್ ಮುಗುಳ್ನಕ್ಕರು. “ಇಲ್ಲ ಮೇಡಂ, ಒಳ್ಳೇ ಹುಡುಗ. ಕೇಳಿದ್ರೆ ಸಾಕು, ಒಪ್ಕೊಂಡುಬಿಡ್ತಿದ್ದ. ನಮಗೂ ಸಲೀಸು.”

ಸಲೀಸು. ಆ ಮಾತನ್ನು ಆತ ಹೇಳಿದ ರೀತಿ ನೆನೆದರೆ ಈಗಲೂ ಮೈ ಉರಿಯುತ್ತದೆ. ಒಂದು ಮಗು ಕಣ್ಣೆದುರಿಗೇ ಪುಡಿಯಾಗುತ್ತಿದ್ದರೆ ಈ ಮನುಷ್ಯನಿಗೆ ಕಂಡದ್ದು ಅನುಕೂಲ.

ಇಷ್ಟೆಲ್ಲ ಆದರೂ ದೊಡ್ಡ ಗಂಡಾಂತರ ಬಾಕಿಯಿತ್ತು. ಸಾಕ್ಷಿಗಳೆಲ್ಲ ಮುಗಿದ ಮೇಲೆ ನ್ಯಾಯಾಧೀಶರೇ ಆರೋಪಿಯನ್ನು ನೇರವಾಗಿ ಪ್ರಶ್ನೆ ಕೇಳುತ್ತಾರೆ. ನಿನ್ನ ವಿರುದ್ಧ ಇಂಥಿಂಥದ್ದು ಬಂದಿದೆ, ಏನು ಹೇಳುತ್ತೀ ಎಂದು. ಪ್ರಮಾಣ ಮಾಡಿಸುವುದಿಲ್ಲ, ಉತ್ತರ ಕೊಡದಿದ್ದರೆ ಶಿಕ್ಷೆಯಿಲ್ಲ. ಆರೋಪಿಗೆ ತನ್ನ ಮಾತು ಹೇಳಲು ಕಾನೂನು ಕೊಟ್ಟ ಅವಕಾಶ ಅದು. ಆದರೆ ಅಲ್ಲಿ ವಕೀಲರು ಬಾಯಿ ಹಾಕಿ ಉತ್ತರ ಹೇಳಿಕೊಡುವಂತಿಲ್ಲ. ಬೀರೇಶ ಮತ್ತೆ ಹೌದು ಸ್ವಾಮಿ ಎಂದರೆ ಇಷ್ಟು ದಿನದ ನನ್ನ ಕೆಲಸವೆಲ್ಲ ನೀರುಪಾಲು, ಅವನ ಬಾಳು ಜೈಲು ಪಾಲು.

ಇದನ್ನೆಲ್ಲ ಬಿಡಿಸಿ ಹೇಳಲು ಅವರ ಊರಿಗೇ ಹೋದೆ. ಮುಂಗಾರು ಹಿಡಿದಿತ್ತು. ಜಗುಲಿಯಲ್ಲಿ ಕೂತು ಗಂಟಲು ಒಣಗುವಷ್ಟು ಹೇಳಿದೆ. ಅರ್ಥವಾಯಿತಾ ಅಂದರೆ ಹೌದು ಮೇಡಂ. ಹಾಗಾದರೆ ನಾನೇನು ಹೇಳಿದೆ ಹೇಳು ಅಂದರೆ ತಲೆ ತಗ್ಗಿಸಿ ತಪ್ಪಾಯ್ತು ಮೇಡಂ. ಒಂದು ಸಲ ಇಲ್ಲ ಅನ್ನು, ಸುಮ್ಮನೆ ನನ್ನೆದುರಿಗೆ ಒಂದೇ ಒಂದು ಸಲ ಇಲ್ಲ ಅನ್ನು ಎಂದು ಗೋಗರೆದೆ. ಅವನ ತುಟಿ ಅಲುಗಿತು, ಹಣೆಯಲ್ಲಿ ಬೆವರು ಬಂತು, ಮಾತು ಬರಲಿಲ್ಲ. ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಅಷ್ಟರಲ್ಲಿ ಹೊರಗೆ ಗದ್ದಲವೆದ್ದಿತು. ಮಳೆಗೆ ಬೆದರಿ ಇವರ ಕುರಿಮಂದೆಯೂ ಪಕ್ಕದ ಮನೆಯ ಮಂದೆಯೂ ಒಂದರೊಳಗೊಂದು ಕಲೆತುಬಿಟ್ಟಿದ್ದವು. ಬೀರೇಶ ಎದ್ದು ಓಡಿದ. ನಾನೂ ಕೊಡೆ ಹಿಡಿದು ಹೋದೆ. ಕುರಿ ಕೂಡುವ ರೊಪ್ಪದ ಬಾಯಲ್ಲಿ ಅವನು ಕಾಲಗಲಿಸಿ ನಿಂತ. ಒಂದೊಂದೇ ಕುರಿ ಅವನೆದುರು ಬಂದಂತೆ ಬೆನ್ನು ಮುಟ್ಟಿ, “ನಮ್ದು,” ಎಂದು ಒಳಗೆ ಬಿಡುತ್ತಿದ್ದ. “ನಮ್ದಲ್ಲ,” ಎಂದು ಆಚೆಗೆ ತಳ್ಳುತ್ತಿದ್ದ. ನಮ್ದು. ನಮ್ದು. ನಮ್ದಲ್ಲ. ದನಿ ಗಟ್ಟಿಯಾಗಿತ್ತು. ಕತ್ತು ನೆಟ್ಟಗಿತ್ತು.

ಪಕ್ಕದ ಮನೆಯ ಹಿರಿಯರು, ಅವನು ದೊಡ್ಡಪ್ಪ ಎಂದು ಕರೆಯುವವರು, ಕುಂಟುವ ಕುರಿಯೊಂದನ್ನು ಇವರ ಕಡೆಗೆ ನೂಕಿ, “ನಿಮ್ದೇ ಕಣ್ಲಾ ಅದು, ಒಳಿಕ್ ಬುಡು,” ಎಂದು ಗದರಿದರು.

“ನಮ್ದಲ್ಲ ದೊಡ್ಡಪ್ಪ.”

“ಏಯ್, ನಿಮ್ದೇ ಅಂತೀನಿ!”

“ನಮ್ದಲ್ಲ. ಕಿವಿ ನೋಡಿ, ನಿಮ್ ಗುರ್ತೇ ಐತೆ,” ಎಂದು ಬೀರೇಶ ಕುರಿಯನ್ನು ಅವರತ್ತ ತಿರುಗಿಸಿದ. ದೊಡ್ಡಪ್ಪ ಗೊಣಗುತ್ತ ಹೊಡೆದುಕೊಂಡು ಹೋದರು.

ಮಳೆಯಲ್ಲಿ ನಿಂತಿದ್ದ ನನಗೆ ಕೊಡೆ ಬಾಗಿ ಅರ್ಧ ಮೈ ನೆಂದಿದ್ದೂ ಗೊತ್ತಾಗಲಿಲ್ಲ. ಕೊನೆಯ ಕುರಿ ಒಳಗೆ ಹೋಗುವವರೆಗೆ ಕಾದು, ಅವನು ಆ ಬಾಯಲ್ಲೇ ನಿಂತಿರುವಾಗಲೇ ಕೇಳಿದೆ. “ಬೀರೇಶ, ತಾರಸಿಗೆ ಹೋಗಿದ್ದು?”

ಅವನು ನನ್ನನ್ನು ನೋಡಲಿಲ್ಲ, ಕೆಸರಿನತ್ತ ನೋಡುತ್ತಿದ್ದ. “ನಂದು.”

“ಅಂಚಿನ ಮೋಟುಗೋಡೆ ಹತ್ತಿದ್ದು?”

“ಮೊದ್ಲು ಅತ್ತಿದ್ದು ನಂದು. ಅದ್ರ ಮೇಲೆ ನಡಿ ಅಂದ್ರು. ಪಾಚಿ ಕಟ್ಟಿತ್ತು, ಕಾಲು ನಡುಗ್ತು, ಇಳ್ದ್‌ಬುಟ್ಟೆ. ಇಂಗ್ ನಡೀಬೇಕು ಕಣ್ಲಾ ಅಂತ ಚೇತನಣ್ಣ ಅತ್ತುದ್ರು. ಅದು ನಂದಲ್ಲ.”

“ಆಮೇಲೆ?”

“ಜಾರುದ್ರು. ಶರ್ಟು ಇಡ್ಕಂಡೆ. ಅದು ನಂದು. ನಿಲ್ಲಿಲ್ಲ ಮೇಡಂ, ಕಿತ್ಕಂಡ್ ಓಯ್ತು.”

“ತಳ್ಳಿದ್ದು?”

“ನಂದಲ್ಲ,” ಎಂದ.

ಬೀಳುತ್ತಿದ್ದವನನ್ನು ಹಿಡಿಯಲು ಹೋದ ಹುಡುಗ! ತಮ್ಮ ಪಂಚಾಯ್ತಿ ಬಯಲಾಗುತ್ತದೆಂದು ಹೆದರಿ, ನೀನೇ ತಳ್ದೆ ಅಲ್ವೇನ್ಲಾ ಎಂದು ಆ ಇಬ್ಬರು ಕೇಳಿದ್ದಕ್ಕೆ, ರೂಢಿಯಂತೆ, ಹೌದಣ್ಣ ಅಂದಿದ್ದ. ಹತ್ತಿರ ಹತ್ತಿರ ಒಂದು ವರ್ಷ ಅದನ್ನೇ ಹೊತ್ತು ತಿರುಗಿದ್ದ. ಸಿದ್ದಪ್ಪ ನನ್ನ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮಗನನ್ನು ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ, ಕಂಬಳಿಯ ಒಂದು ತುದಿಯನ್ನು ಅವನ ತಲೆಯ ಮೇಲೆ ಎಳೆದರು. ನಾನು ಅವನಿಗೆ ಹೇಳಿದ್ದು ಒಂದೇ ಮಾತು: “ನಾಳೆ ಕೋರ್ಟಿನಲ್ಲೂ ಇಲ್ಲಿ ನಿಂತ ಹಾಗೇ ನಿಂತ್ಕೋ. ನಿನ್ನದನ್ನು ನಿನ್ನದು ಅನ್ನು. ಅಲ್ಲದ್ದನ್ನು ಅಲ್ಲ ಅನ್ನು. ಬೇರೆ ಏನೂ ಬೇಡ.”

ಮಾರನೇ ದಿನ ಕೋರ್ಟು ಹಾಲಿನ ತುಂಬ ಒದ್ದೆ ಕಂಬಳಿಯ ವಾಸನೆ. ನ್ಯಾಯಾಧೀಶರು ಮೊದಲ ಪ್ರಶ್ನೆ ಕೇಳಿದಾಗ ಬೀರೇಶನ ಕೈ ಕಿವಿಯತ್ತ ಏಳತೊಡಗಿತು. “ಹೌ...” ಎಂದ. ಆಮೇಲೆ ಅವನು ಕಣ್ಣು ಕೆಳಗಿಳಿಸಿ ನೆಲ ನೋಡಿದ. ಕಾಲು ಸ್ವಲ್ಪ ಅಗಲಿಸಿ ನಿಂತ. ಕೈ ಕೆಳಗಿಳಿಯಿತು.

“ತಾರ್ಸಿಗೋಗಿದ್ದು ನಂದು ಸ್ವಾಮಿ.”

ಗುಮಾಸ್ತರು ಕಣ್ಣು ಕಿರಿದು ಮಾಡಿ ನೋಡಿದರು. ನ್ಯಾಯಾಧೀಶರು ಮುಂದುವರಿಸಿದರು. ಪ್ರಶ್ನೆಗಳು ಒಂದೊಂದಾಗಿ ಬಂದವು, ಅವನು ಒಂದೊಂದನ್ನೂ ಮುಟ್ಟಿ ನೋಡಿದ. ಶರ್ಟು ಹಿಡಿದದ್ದು ನಂದು. ತಳ್ಳಿದ್ದು ನಂದಲ್ಲ. ವಾರ್ಡನ್ನಿಗೆ ಹೌದು ಅಂದಿದ್ದು ನಂದು, ಮಾಡಿದ್ದು ನಂದಲ್ಲ. ಕೊನೆಗೆ ಕಬ್ಬಾಳಮ್ಮನ ಪ್ರಶ್ನೆ ಬಂತು. “ದೇವಿಯ ಮುಂದೆ ತಪ್ಪುಕಾಣಿಕೆ ಇಟ್ಟು ಅಪರಾಧ ಒಪ್ಪಿಕೊಂಡೆ ಎಂದು ಸಾಕ್ಷಿ ಹೇಳಿದ್ದಾರೆ. ಏನಂತೀ?”

ಬೀರೇಶ ಮೊದಲ ಸಲ ತಲೆಯೆತ್ತಿ ಅವರ ಮುಖ ನೋಡಿದ.

“ಕಾಣಿಕೆ ನಂದು ಸ್ವಾಮಿ. ತಪ್ಪು ನಂದಲ್ಲ.”

ಟೈಪು ಮಾಡುತ್ತಿದ್ದ ಹುಡುಗಿಯ ಬೆರಳು ನಿಂತವು. ಅವನು ಹೇಳಿದ ಮಾತನ್ನೇ, ಒಂದಕ್ಷರ ಬದಲಿಸದೆ ಹಾಕಮ್ಮ ಎಂದರು ನ್ಯಾಯಾಧೀಶರು. ನಾನು ಫೈಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಆಮೇಲೆ ಸಹೋದ್ಯೋಗಿಗಳು ಅದಕ್ಕೆ ನನ್ನನ್ನು ವರ್ಷಗಟ್ಟಲೆ ರೇಗಿಸಿದ್ದಾರೆ.

ಖುಲಾಸೆಯಾದ ದಿನವೂ ಮಳೆಯೇ. ಏನು ಕೇಳಿದರೂ ಹೌದೆನ್ನುವಂತೆ ಹಿಂಸೆಯಿಂದ ಪಳಗಿಸಿದವನ ಹೌದನ್ನು ನಂಬಿ ಶಿಕ್ಷೆ ಕೊಡಲಾಗದು ಎಂದು ತೀರ್ಪಿನಲ್ಲಿತ್ತು. ವರಾಂಡದಲ್ಲಿ ಸಿದ್ದಪ್ಪ ನನ್ನ ಕಾಲಿಗೆ ಬೀಳಲು ಬಂದು, ನಾನು ಹಿಂದೆ ಸರಿದು, ಆ ಗಡಿಬಿಡಿಯಲ್ಲಿರುವಾಗ ರತ್ನಮ್ಮ ನಮ್ಮ ಕಡೆಗೆ ನಡೆದು ಬಂದರು. ಹೊಡೆದೇಬಿಡುತ್ತಾರೆ ಎಂದು ಹೆದರಿ ನಾನು ಅಡ್ಡ ನಿಂತೆ. ಅವರು ನನ್ನನ್ನು ಪಕ್ಕಕ್ಕೆ ಸರಿಸಿ ಬೀರೇಶನೆದುರು ನಿಂತರು.

“ಏನಪ್ಪಾ,” ಎಂದರು. ಅವರ ದನಿಯನ್ನು ನಾನು ಸರಿಯಾಗಿ ಕೇಳಿದ್ದು ಅದೇ ಮೊದಲು. “ನನ್ ಮೊಗ ನಿಂಗೆ ಅಂಗೆಲ್ಲ ಮಾಡ್ತಿದ್ನಾ? ಬಕೆಟ್ ಇಡ್ಸಿ ನಿಲ್ಸೋದು, ಕುರಿ ಅಂತ ಕೂಗ್ಸೋದು... ಕೋರ್ಟ್ನಲ್ಲಿ ಯೋಳುದ್ರಲ್ಲ, ಅದೆಲ್ಲ ನಿಜ್ವಾ?”

ಅವನೇನು ಹೇಳುತ್ತಾನೆಂದು ನನಗೆ ಗೊತ್ತಿತ್ತು. ಏನು ಕೇಳಿದರೂ ಹೌದು ಅನ್ನುವವನು. ಈ ಒಂದು ಸಲ ಹೌದೇ ಸತ್ಯವೂ ಆಗಿತ್ತು.

ಬೀರೇಶ ಆ ತಾಯಿಯ ಮುಖವನ್ನು ನೋಡಿದ. ಕೈ ಕಿವಿಗೆ ಹೋಗಲಿಲ್ಲ.

“ಇಲ್ಲ ಕಣವ್ವ,” ಎಂದ.

ವರ್ಷವಿಡೀ ನಾನು ಬಾಯಿ ಬಡಿದುಕೊಂಡರೂ ಬಾರದಿದ್ದ ಮಾತು. ರತ್ನಮ್ಮ ಅವನ ತಲೆಯ ಮೇಲೆ ಕೈಯಿಟ್ಟು ಮೆಟ್ಟಿಲಿಳಿದರು. ಸಿದ್ದಪ್ಪ ಹಿಂದೆಯೇ ಓಡಿ ತಮ್ಮ ಕಂಬಳಿಯನ್ನು ಅವರ ತಲೆಗೆ ಹೊದಿಸಿದರು. ಮಾಗಡಿ ಬಸ್ಸು ಹತ್ತಿಸಲು ಅಪ್ಪ, ಮಗ ಇಬ್ಬರೂ ನೆನೆಯುತ್ತ ಅವರ ಎರಡೂ ಬದಿಗೆ ನಡೆದು ಹೋದರು.